ಆನ್‌ಲೈನ್ ಬಿಕಾಂನ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್: 5ಕ್ಕ 3 ಸ್ಟಾರ್, ಅದ್ರಾಗ 2 ಐತವಾರದ ಮೇಡಂಗ

ಮೊದ್ಲ ಹೇಳಿಬಿಡ್ತೀನಿ, ನಾ ಗಣಿತದಾಗ ಶ್ಯಾಣ್ಯಾಕಿ ಅಲ್ರಿ. ಪಿಯುಸಿ ಕಾಮರ್ಸ್ ಮುಗಿಸಿ 15 ವರ್ಷ ಆಗಿತ್ತು, ಲಗ್ನ ಆತು, ಮಗ ಹುಟ್ಟಿದ, ಈಗ ಹುಬ್ಬಳ್ಳ್ಯಾಗ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡ್ಯಾಗ ಲೆಕ್ಕ ಬರೀತೀನಿ, ಮನಿ ಧಾರವಾಡದಾಗ. ಡಿಗ್ರಿ ಇಲ್ಲಂತ ಪಗಾರ ಏರಸವಲ್ರು ಅನ್ನೂ ಒಂದ ಸಿಟ್ಟಿಗೆ ಒಂದು ಖಾಸಗಿ ಯುನಿವರ್ಸಿಟಿಯ ಆನ್‌ಲೈನ್ ಬಿಕಾಂಗೆ ಸೇರ್ಕೊಂಡೆ. ಹೆಸರ ಹಾಕಂಗಿಲ್ಲ, ಯಾಕಂದ್ರ ಇನ್ನೂ ನಾಕ್ ಸೆಮಿಸ್ಟರ್ ಅವ್ರ ಕೈಯಾಗ ಇದ್ದೀನಿ. ಈ ಸೆಮಿಸ್ಟರ್‌ನ್ಯಾಗ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಇತ್ತು, ಅದೊಂದರ ಬಗ್ಗೆ ಬರೀತೀನಿ. ಉಳದ ಸಬ್ಜೆಕ್ಟ್ ಎಲ್ಲಾ ಓದಿ ಬರಿಯೂವು, ಇದ ಒಂದು ನಿದ್ದಿ ಕೆಡಸಿದ್ದು.

ಸೇರೂ ಮೊದ್ಲು ಅವ್ರ ಕಡಿಂದ ದಿನಾ ಫೋನ್. "ಮ್ಯಾಮ್ ಇವತ್ತ ಲಾಸ್ಟ್ ಡೇಟ್, ಸ್ಕಾಲರ್‌ಶಿಪ್ ಹೋಗಿಬಿಡ್ತೈತಿ" ಅಂತ. ಆ ಲಾಸ್ಟ್ ಡೇಟ್ ಮೂರು ಸಲ ಬಂತು. ರೊಕ್ಕ ತುಂಬಿದ ಮರುದಿನದಿಂದ ಆ ಹುಡುಗನ ನಂಬರ್ ರಿಂಗ್ ಆಗ್ತೈತಿ, ಎತ್ತಂಗಿಲ್ಲ. ಇದು ಎಲ್ಲಾ ಕಡೆನೂ ಇದ್ದದ್ದ ಅಂತ ನಮ್ಮನಿಯವ್ರು ಅಂದ್ರು, ಇರಬಹುದು. ಸೇರೂ ಮುಂದ ಎಬಿಸಿ ಐಡಿ (ಕಲಿತ ಕ್ರೆಡಿಟ್ ಜಮಾ ಇಡೂ ಖಾತೆದ್ದು), ಡೆಬ್ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ್ದು) ಎರಡೂ ಮಾಡ್ಕೋಬೇಕು, ಆಧಾರ್‌ನ್ಯಾಗಿನ ಹೆಸರು ಮತ್ತ ಮಾರ್ಕ್ಸ್ ಕಾರ್ಡ್‌ನ್ಯಾಗಿನ ಹೆಸರು ಒಂದ ಇರ್ಲಿಲ್ಲಂದ್ರ ಅಲ್ಲೇ ಒಂದು ವಾರ ಹೋಗ್ತೈತಿ. ಲಗ್ನಾದ ಮ್ಯಾಲೆ ಅಡ್ಡಹೆಸರು ಬದಲಾದ ಹೆಣ್ಮಕ್ಕಳು ಇದನ್ನ ಮೊದ್ಲ ಸರಿ ಮಾಡ್ಕೋರಿ.

ವಿಡಿಯೋ ಹೆಂಗ ಅದಾವ ಅಂದ್ರ, ಸಣ್ಣ ಸಣ್ಣೂವು, 12ರಿಂದ 15 ನಿಮಿಷದ್ದು, ಅದು ನಂಗ ಚಲೋ ಆತು. ದಿನಾ ಮುಂಜಾನೆ ಜುಬಿಲಿ ಸರ್ಕಲ್‌ದಿಂದ ಹುಬ್ಬಳ್ಳಿಗೆ ಹೋಗೂ ಚಿಗರಿ ಬಸ್ ಹಿಡೀತೀನಿ, ಸೀಟ್ ಸಿಕ್ರ ಹುಬ್ಬಳ್ಳಿ ಹೊಸೂರು ಬರೂದ್ರಾಗ ಎರಡ್ ವಿಡಿಯೋ ಆಗ್ತಾವ, ಎಸಿ ಐತಿ, ಧೂಳಿಲ್ಲ, ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡ್ರ ಕಾಲೇಜಿಗೆ ಹೊಂಟಂಗ ಅನಸ್ತೈತಿ. ಆದ್ರ ವಿಡಿಯೋದಾಗ ಮಾತಾಡೂ ಸರ್ ಸ್ಲೈಡ್ ಮ್ಯಾಲೆ ಬರದದ್ದನ್ನ ಓದ್ತಾರ ಅಷ್ಟ. ಮೀನ್ ಅಂದ್ರ ಎಲ್ಲಾ ಕೂಡಿಸಿ ಭಾಗಿಸೂದು, ಮೀಡಿಯನ್ ಅಂದ್ರ ಸಾಲಾಗಿ ಹಚ್ಚಿ ನಡುವಿಂದು, ಮೋಡ್ ಅಂದ್ರ ಹೆಚ್ಚ ಸಲ ಬಂದದ್ದು. ಸರಿರಿ, ಇದು ನಮ್ಮ ಏಳನೇತ್ತಾ ಓದೂ ಹುಡುಗಗೂ ಗೊತ್ತು. ಯಾವಾಗ ಯಾವುದು ಹಿಡೀಬೇಕು ಅನ್ನೂದು ಮೊದ್ಲ ನಾಕ್ ವಿಡಿಯೋದಾಗ ಎಲ್ಲೂ ಇಲ್ಲ. ಎಕ್ಸಾಂಪಲ್ ನೋಡಿದ್ರ ಒಂದು ಅಮೆರಿಕದ ಕಂಪನಿ, ಅದರ ಡಾಲರ್ ಲೆಕ್ಕ, ಬೇಸ್‌ಬಾಲ್ ಆಟಗಾರರ ಪಗಾರ. ಬೇಸ್‌ಬಾಲ್‌ನ್ಯಾಗ ಎಷ್ಟ್ ಮಂದಿ ಆಡ್ತಾರ ಅಂತನ ನಂಗ ಗೊತ್ತಿಲ್ಲ, ಇನ್ನ ಅವ್ರ ಪಗಾರದ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟ ಹರಡ್ಯಾವ ಅನ್ನೂ ಅಳತಿ) ತಗೊಂಡು ಏನ್ ಮಾಡ್ಲಿ.

ಪಿಡಿಎಫ್ ನೋಟ್ಸ್ ಕೊಡ್ತಾರ, ಅದರ ಕಥಿ ಬ್ಯಾರೆನ ಐತಿ. ನಾರ್ಮಲ್ ಡಿಸ್ಟ್ರಿಬ್ಯೂಷನ್ (ಗಂಟಿ ಆಕಾರದ ಹರವು) ಬಂದಾಗ ಝಡ್ ಟೇಬಲ್ ನೋಡಬೇಕಾಗ್ತೈತಿ, ಆ ಗಂಟಿಯೊಳಗ ಎಲ್ಲೀ ಮಟಾ ಎಷ್ಟ ಪಾಲು ಬರ್ತೈತಿ ಅಂತ ಹೇಳೂ ಟೇಬಲ್ ಅದು. ವಿಡಿಯೋದಾಗ ಸರ್ 1.96 ಎದುರು 0.9750 ಅಂತಾರ, ಪಿಡಿಎಫ್‌ನ್ಯಾಗಿನ ಟೇಬಲ್‌ನ್ಯಾಗ ಅದ 1.96 ಎದುರು 0.4750 ಐತಿ. ಎರಡು ರಾತ್ರಿ ಕುಂತೇನ್ರಿ ನಾ, ನಂದ ಕಣ್ಣ ಸರಿ ಇಲ್ಲೇನೋ ಅಂತ ಫೋನ್ ಝೂಮ್ ಮಾಡಿ ಮಾಡಿ ನೋಡಿದೆ, ಮದ್ಲ ಅದು ಸ್ಕ್ಯಾನ್ ಮಾಡಿದ ಹಾಳಿ, ಮಸುಕ ಮಸುಕ. ಕಡೀಕ ತಿಳೀತು, ಎರಡೂ ಸರಿನ ಅದಾವ! ಒಂದು ಟೇಬಲ್ ಎಡಗಡೆ ತುದಿಯಿಂದ ಹಿಡದು ಎಣಸ್ತೈತಿ, ಇನ್ನೊಂದು ನಡುವಿನ ಸೊನ್ನಿಯಿಂದ ಎಣಸ್ತೈತಿ, ಎರಡರ ನಡುವ ಫರಕ ಕರೆಕ್ಟ್ ಅರ್ಧ, 0.5. ಒಂದ ಸಾಲ ಬರದಿದ್ರ ಸಾಕಿತ್ತು, "ನಮ್ಮ ಟೇಬಲ್ ನಡುವಿಂದ ಸುರು ಆಗ್ತೈತಿ" ಅಂತ. ನೀವೇನರ ಈ ಸಬ್ಜೆಕ್ಟ್ ತಗೊಂಡೀರಿ ಅಂದ್ರ ಟೇಬಲ್ ಕೈಗೆ ಸಿಕ್ಕ ಕೂಡ್ಲೆ ಝಡ್ ಸೊನ್ನಿ ಇದ್ದಲ್ಲೆ ಏನೈತಿ ನೋಡ್ರಿ. 0.5 ಇದ್ರ ಎಡಗಡೆಯಿಂದ, 0 ಇದ್ರ ನಡುವಿಂದ. ಇಷ್ಟ ವಿಷಯ, ಇದಕ್ಕ ನಂದು ಎರಡು ರಾತ್ರಿ ಹೋದ್ವು.

ಕ್ವಿಜ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರ ಇಂಟರ್ನಲ್ 30 ಮಾರ್ಕ್ಸ್ ಅದರಿಂದನ ಬರೂದು, ಉಳದ 70 ಕಡೀ ಪರೀಕ್ಷಾದ್ದು. ಒಂದು ಪ್ರಶ್ನಿ ಹಿಂಗಿತ್ತು, 2, 4, 10, 16, 18 ಇವು ಐದು ಸ್ಯಾಂಪಲ್, ಸ್ಟ್ಯಾಂಡರ್ಡ್ ಡೀವಿಯೇಷನ್ ಎಷ್ಟು. ಮೀನ್ 10, ಫರಕಿನ ವರ್ಗ ಎಲ್ಲಾ ಕೂಡಿಸಿದ್ರ 200, ಸ್ಯಾಂಪಲ್ ಅಂದ ಮ್ಯಾಲೆ ಐದರಾಗ ಒಂದ ಕಳದು ನಾಕರಿಂದ ಭಾಗಿಸಬೇಕು ಅಂತ ಅವ್ರದ ವಿಡಿಯೋದಾಗ ಹೇಳ್ಯಾರ, 50 ಬಂತು, ವರ್ಗಮೂಲ 7.07. ಹಾಕಿದೆ, ತಪ್ಪು ಅಂತು. ಸರಿ ಉತ್ತರ 6.32 ಅಂತ! ಅಂದ್ರ ಕ್ವಿಜ್ ಮಾಡಿದವ್ರು ಎಕ್ಸೆಲ್‌ನ್ಯಾಗ ಸ್ಟ್‌ಡೆವ್ ಎಸ್ (ಸ್ಯಾಂಪಲ್‌ದ ಸೂತ್ರ) ಬದ್ಲಿ ಸ್ಟ್‌ಡೆವ್ ಪಿ (ಪೂರಾ ಗುಂಪಿನ ಸೂತ್ರ) ಒತ್ತ್ಯಾರ, ಐದರಿಂದನ ಭಾಗಿಸ್ಯಾರ. ದೂರಿನ ಟಿಕೆಟ್ ಹಾಕಿದೆ, ಕೈಲೆ ಮಾಡಿದ ಲೆಕ್ಕದ ಫೋಟೋ ಹಚ್ಚಿದೆ. 11 ದಿನಕ್ಕ ಉತ್ತರ ಬಂತು, ನಿಮ್ಮ ಅಭಿಪ್ರಾಯಕ್ಕ ಧನ್ಯವಾದ, ನಿಮ್ಮ ಟಿಕೆಟ್ ಬಗೆಹರದೈತಿ ಅಂತ. ಏನ್ ಬಗೆಹರೀತೋ ದೇವರಿಗೆ ಗೊತ್ತು, ಮಾರ್ಕ್ಸ್ ಹಂಗ ಐತಿ, ಪ್ರಶ್ನಿನೂ ಹಂಗ ಐತಿ, ಮುಂದಿನ ಬ್ಯಾಚಿನವ್ರಿಗೂ ಅದ ಬರ್ತೈತಿ, ಬಂದ್ರ 6.32 ಒತ್ತಿಬಿಡ್ರಿ ಮತ್ತ.

ಇಲ್ಲೀ ಮಟಾ ಓದಿದ್ರ 1 ಸ್ಟಾರ್ ಕೊಡಬೇಕಿತ್ತು ಅನಸ್ತೈತಿ. ಕೊಡತಿದ್ದೆ ಖರೇ. ಐತವಾರದ ಲೈವ್ ಕ್ಲಾಸ್ ಇರ್ಲಿಲ್ಲಂದ್ರ ಅರ್ಧಕ್ಕ ಬಿಟ್ಟೂ ಬಿಡತಿದ್ದೆ.

ಐತವಾರ ಮುಂಜಾನೆ 11ಕ್ಕ ಒಂದೂವರಿ ತಾಸು ಒಬ್ಬ ಮೇಡಂ ಬರ್ತಾರ. ಎಲ್ಲಿಯವ್ರು ಏನು ಗೊತ್ತಿಲ್ಲ, ಇಂಗ್ಲಿಷ್ ಮಾತಾಡ್ತಾರ ನಡುವ ನಡುವ ಹಿಂದಿ, ಕನ್ನಡ ಬರಂಗಿಲ್ಲ. ಮೊದ್ಲನೇ ದಿನ ಬಂದವ್ರ ಏನ್ ಕೇಳಿದ್ರು ಅಂದ್ರ, "ನಿಮ್ಮ ಕೆಲಸದಾಗ ದಿನಾ ಯಾವ ನಂಬರ್ ನೋಡ್ತೀರಿ, ಹತ್ತ ಬರಕೊಂಡು ಬರ್ರಿ". ನಾ ಉದ್ರಿ ಲೆಕ್ಕ ಬರಕೊಂಡು ಹೋದೆ. ನಮ್ಮ ಅಂಗಡ್ಯಾಗ ಪೈಪು, ನಟ್ಟು ಬೋಲ್ಟು, ಪೇಂಟು ಎಲ್ಲಾ ಉದ್ರಿ ಮ್ಯಾಲೆನ ಹೋಗ್ತಾವ, ಗದಗ, ಲಕ್ಷ್ಮೇಶ್ವರ, ಶಿಗ್ಗಾಂವಿ, ಸವಣೂರು ಕಡೆ ಸಣ್ಣ ಅಂಗಡಿಯವ್ರು ತಗೊಂಡ ಹೋಗ್ತಾರ, ರೊಕ್ಕ ಆಮ್ಯಾಲೆ. ಸಾವ್ಕಾರ್ರು ದಿನಾ ಒದರ್ತಾರ, "ಸರಾಸರಿ ಒಂದೂವರಿ ತಿಂಗಳ ಹಿಡೀತಾರ ಮಕ್ಕಳು, ಎಲ್ಲಾರ್ಗೂ ಉದ್ರಿ ಬಂದ್ ಮಾಡ್ರಿ" ಅಂತ. ಮೇಡಂ ಮುಂದ ನಾ ಒಂಬತ್ತ ಗಿರಾಕಿಯವ್ರು ರೊಕ್ಕ ಕೊಡಾಕ ಹಿಡದ ದಿನ ಇಟ್ಟೆ: 12, 15, 18, 21, 24, 30, 35, 40, 210. ಕೂಡಿಸಿದ್ರ 405, ಒಂಬತ್ತರಿಂದ ಭಾಗಿಸಿದ್ರ 45 ದಿನ, ಸಾವ್ಕಾರ್ರು ಹೇಳೂ ಒಂದೂವರಿ ತಿಂಗಳ ಸರಿನ ಐತಿ. ಆದ್ರ ಮೀಡಿಯನ್ ನೋಡ್ರಿ, ನಡುವಿಂದು 24. ಅರ್ಧಕ್ಕಿಂತ ಹೆಚ್ಚ ಮಂದಿ 24 ದಿನದೊಳಗ ತಂದು ಕೊಟ್ಟಾರ, 45 ದಾಟಿದವ್ರು ಒಬ್ಬರ ಒಬ್ಬರು. ಆ 210 ದಿನದವ ಒಬ್ಬ ಎಲ್ಲಾರ ಹೆಸರ ಕೆಡಿಸಿದಂಗ ಆಗೈತಿ. ಅವನ್ನ ತಗದು ಮೀನ್ ಮಾಡಿದ್ರ 24 ಚಿಲ್ಲರೆ, ಮೀಡಿಯನ್ ಹತ್ರನ ಬಂದು ಕುಂತ್ತು.

ಮೇಡಂ ಏನೂ ಹೇಳ್ಲಿಲ್ಲ, ಸುಮ್ನ ಕೇಳಿದ್ರು, "ಹಂಗಾರ ಉದ್ರಿ ಯಾರಿಗೆ ಬಂದ್ ಮಾಡಬೇಕು?" ಅಂತ. ಮರುದಿನ ನಾ ಸಾವ್ಕಾರ್ರ ಮುಂದ ಹಾಳಿ ಹಿಡದೆ. ಅವ್ರು ಕನ್ನಡಕ ಏರಿಸಿ ನೋಡಿದ್ರು, "ಆ ಮನುಷ್ಯಾ ಯಾರಂತ ನಂಗ ಮೊದ್ಲ ಗೊತ್ತಿತ್ತವಾ, ಅದಕ್ಕ ಕಂಪ್ಯೂಟರ್ ಯಾಕ" ಅಂದ್ರು. ಅಂದ್ರೂ, ಎಲ್ಲಾರ್ಗೂ ಉದ್ರಿ ಬಂದ್ ಅನ್ನೂ ಮಾತು ಅವತ್ತಿಂದ ನಿಂತೈತಿ.

ಇನ್ನೊಂದು ಐತವಾರ ಸೆಂಟ್ರಲ್ ಲಿಮಿಟ್ ಥಿಯರಮ್. ವಿಡಿಯೋದಾಗ ನಾ ಮೂರು ಸಲ ನೋಡಿದ್ರೂ ತಲಿಗೆ ಹತ್ತಿರ್ಲಿಲ್ಲ. ಮೇಡಂ ಎಲ್ಲಾರ್ಗೂ ಮನ್ಯಾಗಿನ ಲೂಡೋ ದಾಳ ತರ್ರಿ ಅಂದ್ರು. ಐದ ಸಲ ಒಗೀರಿ, ಬಂದದ್ದರ ಸರಾಸರಿ ಬರೀರಿ, ಹಿಂಗ ಇಪ್ಪತ್ತ ಸಲ ಮಾಡ್ರಿ ಅಂತ. ನನ್ನ ಮಗ ಬಾಜೂಕ ಕುಂತು ಅವನ ಒಗದ, ನಾ ಬರದೆ. ದಾಳದಾಗ ಒಂದರಿಂದ ಆರು ಎಲ್ಲಾದಕ್ಕೂ ಒಂದ ಪಾಳಿ, ಯಾವುದೂ ಹೆಚ್ಚಿಲ್ಲ ಕಡಿಮಿ ಇಲ್ಲ, ಆದ್ರ ಐದರ ಸರಾಸರಿ ಬರಕೋತ ಹೋದ್ರ 3, 3.4, 3.8 ಹಿಂಗ ನಡುವನ ಗುಂಪ ಕಟ್ಟಿ ಕುಂದರ್ತಾವ, 1.4, 5.6 ಅನ್ನೂವು ಹುಡುಕಿದ್ರೂ ಸಿಗಲಿಲ್ಲ. ಎಲ್ಲಾರದ್ದೂ ಕೂಡಿಸಿ ಸ್ಕ್ರೀನ್ ಮ್ಯಾಲೆ ಹಾಕಿದ್ರು, ಗಂಟಿ ಆಕಾರ ಕಣ್ಣಮುಂದನ ಎದ್ದು ಬಂತು. ಮೂಲದ್ದು ಹೆಂಗರ ಇರ್ಲಿ, ಸರಾಸರಿಗಳು ಗಂಟಿ ಆಕಾರಕ್ಕ ಬರ್ತಾವ, ಸ್ಯಾಂಪಲ್ ದೊಡ್ಡದಾದಂಗ ಇನ್ನೂ ಇಕ್ಕಟ್ಟಾಗ್ತಾವ. ಆದ್ರ ಅಂದಾಜಿನ ತಪ್ಪು ಅರ್ಧ ಆಗಬೇಕಂದ್ರ ಸ್ಯಾಂಪಲ್ ಎರಡು ಪಟ್ಟಲ್ಲ, ನಾಕ್ ಪಟ್ಟು ಬೇಕು, ಇದು ಮಾತ್ರ ನಂಗ ಅನ್ಯಾಯ ಅನಸ್ತು. ಮಗ ಅಂದ, "ಮಮ್ಮಿ ನಿಮ್ಮ ಕಾಲೇಜ್ ಚಲೋ ಐತಿ, ಲೂಡೋ ಆಡಸ್ತಾರ".

ಸ್ಯಾಂಪಲ್ ಅಂದ ಕೂಡ್ಲೆ ನಂಗ ಬ್ಯಾಡಗಿ ನೆನಪಾತು. ನಮ್ಮ ಸಂಬಂಧದವ್ರು ಅಲ್ಲೆ ಮೆಣಸಿನಕಾಯಿ ದಲಾಲಿ ಮಾಡ್ತಾರ, ಸೀಜನ್‌ನ್ಯಾಗ ಹೋದ್ರ ಮಾರ್ಕೆಟ್ ತುಂಬ ಕೆಂಪಗ ಚೀಲ, ಸೀನಿ ಸೀನಿ ಸಾಕಾಗ್ತೈತಿ. ಖರೀದಿಗೆ ಬಂದವ್ರು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಯಿ ತಗೊಂಡು ಬಣ್ಣಾ, ಸುಕ್ಕಾ ನೋಡಿ ರೇಟ್ ಬರೀತಾರ. ಬರೇ ಬಾಯಾಗಿನ ಹಿಡಿ ನೋಡಿದ್ರ ಚೀಲದ ತಳದಾಗ ಏನೈತಿ ಗೊತ್ತಾಗಂಗಿಲ್ಲ, ಚಲೋ ಕಾಯಿ ಮ್ಯಾಲೆ ಹಚ್ಚೂ ಶ್ಯಾಣ್ಯಾರು ಇರ್ತಾರ. ಹಳೇ ಖರೀದಿದಾರ್ರು ಅದಕ್ಕ ಕೈ ಮೊಣಕೈ ಮಟಾ ಒಳಗ ಹಾಕ್ತಾರ. ರ್‍ಯಾಂಡಮ್ ಸ್ಯಾಂಪ್ಲಿಂಗ್ ಅಂದ್ರ ಇದ ಅಲ್ಲೇನ್ರಿ ಅಂತ ನಾ ಕೇಳಿದೆ, ಮೇಡಂ ಭಾಳ ಖುಷಿ ಆದ್ರು, ಮುಂದಿನ ವಾರ ಅದನ್ನ ಸ್ಲೈಡ್ ಮಾಡಿ ತಂದಿದ್ರು. ಬೇಸ್‌ಬಾಲ್ ಹೋಗಿ ಬ್ಯಾಡಗಿ ಬಂತು ಅಂತ ನಂಗ ಒಳಗೊಳಗ ಹೆಮ್ಮಿ.

ಅವ್ರು ಕಥಿ ಹೇಳೂದೂ ಚಲೋ. ಟಿ ಟೆಸ್ಟ್ (ಸಣ್ಣ ಸ್ಯಾಂಪಲ್‌ನ ಸರಾಸರಿ ಪರೀಕ್ಷಿಸೂ ವಿಧಾನ) ಕಂಡುಹಿಡದವ ಗಾಸೆಟ್ ಅಂತ, ಡಬ್ಲಿನ್‌ನ ಗಿನ್ನೆಸ್ ಬೀರು ಕಂಪನಿಯಾಗ ಕೆಲಸಕ್ಕಿದ್ದ, ಕೆಲಸದಾಗ ಸಿಗೂ ಸ್ಯಾಂಪಲ್ ಸಣ್ಣೂವು, ಅದಕ್ಕ ದೊಡ್ಡ ಸ್ಯಾಂಪಲ್‌ನ ಲೆಕ್ಕ ಹೊಂದವಲ್ದು, ಅದರ ಸಲುವಾಗಿ ತಾನ ದಾರಿ ಹುಡುಕಿ 1908ರಾಗ ಸ್ಟೂಡೆಂಟ್ ಅನ್ನೂ ಗುಪ್ತ ಹೆಸರಿಲೆ ಛಾಪಿಸಿದ. ನಾವು ಪುಸ್ತಕದಾಗ ಸ್ಟೂಡೆಂಟ್ಸ್ ಟಿ ಅಂತ ಓದೂದು ಅದಕ್ಕ, ನಾನು ಇದು ವಿದ್ಯಾರ್ಥಿಗಳಿಗೆ ಅಂತ ಮಾಡಿದ ಸರಳ ಟೆಸ್ಟ್ ಅಂತ ತಿಳ್ಕೊಂಡಿದ್ದೆ!

ಮತ್ತ ಒಂದು ದಿನ ಎಸ್ಟಿಮೇಷನ್ (ಅಂದಾಜು ಮಾಡೂ) ಪಾಠದಾಗ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹೆಸರು ಬಂತು. 1945ರಾಗ ಅವ್ರು ಬರದ ಪೇಪರ್, ಕ್ರಾಮರ್ ರಾವ್ ಬೌಂಡ್ ಅಂತ, ಒಂದ ಕಡೆ ವಾಲಲಾರದ (ಅನ್‌ಬಯಸ್ಡ್) ಯಾವ ಅಂದಾಜೂ ಇಷ್ಟಕ್ಕಿಂತ ಹೆಚ್ಚ ಕರಾರುವಾಕ್ಕಾಗಿ ಇರಾಕ ಸಾಧ್ಯ ಇಲ್ಲ ಅನ್ನೂ ಒಂದು ಗೆರಿ. ನಮ್ಮ ಸಿಲೆಬಸ್‌ನ್ಯಾಗ ಇಲ್ಲ, ಸುಮ್ನ ಹೇಳಿದ್ರು. "ಅವ್ರು ಕರ್ನಾಟಕದವ್ರು, ಹದಗಲಿ ಅನ್ನೂ ಊರಾಗ 1920ರಾಗ ಹುಟ್ಟಿದ್ರು" ಅಂದ್ರು. ಹದಗಲಿ ಯಾವುದಪಾ ಅಂತ ಒಂದು ನಿಮಿಷ ಹೊಳೀಲಿಲ್ಲ, ಆಮ್ಯಾಲೆ ಹೊಳೀತು, ಅಯ್ಯ ನಮ್ಮ ಹೂವಿನ ಹಡಗಲಿ! ನನ್ನ ತವರಮನಿ ಮುಂಡರಗಿ, ತುಂಗಭದ್ರಾ ದಾಟಿದ್ರ ಆಚೀಕ ಹಡಗಲಿ. ನಾವು ಹಡಗಲಿ ಅಂದ್ರ ಮಲ್ಲಿಗಿ ಹೂವು ಅಷ್ಟ ತಿಳದವ್ರು. 2023ರಾಗ, ನೂರು ದಾಟಿದ ವಯಸ್ಸಿನ್ಯಾಗ ಅವ್ರಿಗೆ ಸ್ಟ್ಯಾಟಿಸ್ಟಿಕ್ಸಿನ ಅಂತರರಾಷ್ಟ್ರೀಯ ಬಹುಮಾನ ಬಂತು, ಅದ ವರ್ಷ ತೀರ್ಕೊಂಡ್ರು. ನಾ ಚಾಟ್‌ನ್ಯಾಗ "ಮೇಡಂ ಅದು ಹಡಗಲಿ, ನಮ್ಮೂರ ಬಾಜೂಕ" ಅಂತ ಟೈಪ್ ಮಾಡಿದೆ. ಅಪ್ಪಗ ಫೋನ್ ಮಾಡಿ ಹೇಳಿದೆ, ಅಪ್ಪಗೂ ಗೊತ್ತಿರ್ಲಿಲ್ಲ.

ಮೇಡಂ ಇಲ್ಲಂದ್ರ ಒಂದು ದೊಡ್ಡ ತಪ್ಪು ನನ್ನ ತಲ್ಯಾಗ ಉಳದಬಿಡ್ತಿತ್ತು. ರೆಕಾರ್ಡೆಡ್ ವಿಡಿಯೋದ ಸ್ಲೈಡ್‌ನ್ಯಾಗ ಪಿ ವ್ಯಾಲ್ಯೂ 0.03 ಬಂದ್ರ ನಲ್ ಹೈಪಾಥೆಸಿಸ್ (ಏನೂ ಫರಕ ಇಲ್ಲ ಅನ್ನೂ ಮೊದ್ಲಿನ ಊಹೆ) ಖರೇ ಇರೂ ಸಾಧ್ಯತೆ 3% ಅಂತ ಬರದಾರ. ಮೇಡಂ ಅದನ್ನ ನೋಡಿ ಹಣಿ ಹಣಿ ಬಡ್ಕೊಂಡ್ರು. ನಲ್ ಖರೇ ಅಂತ ಹಿಡ್ಕೊಂಡ್ರ, ಇಷ್ಟರ ಮಟ್ಟಿಗೆ ಅಥವಾ ಇದಕ್ಕಿಂತ ಹೆಚ್ಚ ವಿಚಿತ್ರ ಆಗಿರೂ ಡೇಟಾ ಬರೂ ಸಾಧ್ಯತೆ 3%, ಅಷ್ಟ ಅದರ ಅರ್ಥ. ಅವ್ರು ಕೊಟ್ಟ ಹೋಲಿಕಿ ನಂಗ ಇನ್ನೂ ನೆನಪೈತಿ, ಮಳಿ ಬಂದ್ರ ರಸ್ತೆ ಹಸಿ ಆಗೂ ಸಾಧ್ಯತೆ ಬ್ಯಾರೆ, ರಸ್ತೆ ಹಸಿ ಇದ್ರ ಮಳಿ ಬಂದಿರೂ ಸಾಧ್ಯತೆ ಬ್ಯಾರೆ, ನೀರಿನ ಟ್ಯಾಂಕರ್ ಹೋಗಿರಬಹುದಲ್ಲ. ನಮ್ಮ ಓಣ್ಯಾಗ ನಳ ಬಂದ ದಿನದ ರಸ್ತೆ ನೋಡಿದವ್ರಿಗೆ ಇದು ಹೇಳಿಕೊಡಬೇಕಾಗೇ ಇಲ್ಲ. ಅಂದ್ರ ಅವ್ರದ ಕಾಲೇಜಿನ ವಿಡಿಯೋ ಅವ್ರ ತಿದ್ದಬೇಕಾದ ಪರಿಸ್ಥಿತಿ, ಮತ್ತ ಆ ವಿಡಿಯೋ ಇನ್ನೂ ಹಂಗ ಐತಿ.

ರಿಗ್ರೆಷನ್ ಕಡೀ ಎರಡು ವಾರದಾಗ ಓಡಿಸಿದ್ರು. ಇಂಡೆಕ್ಸ್ ನಂಬರ್ ಹೆಂಗ ಬಂತೋ ಹಂಗ ಹೋತು, ಕೇಳಬ್ಯಾಡ್ರಿ.

ಪರೀಕ್ಷಾ ಮನ್ಯಾಗ ಕುಂತ ಬರೀಬೇಕು, ಕ್ಯಾಮೆರಾ ಚಾಲೂ ಇಟ್ಕೊಂಡು. ಮೊದ್ಲ ರೂಮ್ ನಾಕೂ ಕಡೆ ತೋರಸಬೇಕು, ಮಂಚದ ಕೆಳಗ ಸೈತ. ಅರ್ಧ ತಾಸ ಆಗಿತ್ತು, ನಮ್ಮತ್ತಿಯವ್ರು ಪಾಪ ಚಹಾ ತಗೊಂಡು ಬಂದ್ರು, "ಎಷ್ಟೊತ್ತು ಕುಂತೀ, ಒಂದ್ ಗುಟುಕ ಕುಡಿ". ತಗೋ, ಸ್ಕ್ರೀನ್ ಮ್ಯಾಲೆ ಕೆಂಪ ಪಟ್ಟಿ, ಎರಡನೇ ಮುಖ ಕಾಣ್ಸೇತಿ, ವಾರ್ನಿಂಗ್ ಒಂದು. ನಾ ಕೈ ಮಾಡಿ ಹೋಗ್ರಿ ಅಂದ್ರ ಅವ್ರಿಗೆ ತಿಳೀಲಿಲ್ಲ, ಕ್ಯಾಮೆರಾದಾಗ ಬಗ್ಗಿ ನೋಡಿದ್ರು, ವಾರ್ನಿಂಗ್ ಎರಡು. ಮೂರಾದ್ರ ಪರೀಕ್ಷಾ ಬಂದ್. ಆಮ್ಯಾಲೆ ಕರೆಂಟ್ ಬ್ಯಾರೆ ಹೋತು, ಲ್ಯಾಪ್‌ಟಾಪ್ ಬ್ಯಾಟರಿ ಇತ್ತು, ವೈಫೈ ಸತ್ತು, ಮೊಬೈಲ್ ಹಾಟ್‌ಸ್ಪಾಟ್ ಹಚ್ಚೂದ್ರಾಗ ಏಳ ನಿಮಿಷ ಹೋದ್ವು. ಇನ್ನೊಂದು, ನಮ್ಮ ಕ್ಯಾಲ್ಕ್ಯುಲೇಟರ್ ಹಿಡ್ಕೊಳ್ಳಾಕ ಬಿಡಂಗಿಲ್ಲ, ಸ್ಕ್ರೀನ್ ಮ್ಯಾಲಿನ ಕ್ಯಾಲ್ಕ್ಯುಲೇಟರ್ ಒಂದ. ಅದ್ರಾಗ ಸ್ಟ್ಯಾಟ್ ಮೋಡ್ ಇಲ್ಲ. ನಾನು ಕೊಪ್ಪೀಕರ್ ರಸ್ತೆದಾಗ ಹೋಗಿ ಚಲೋ ಸೈಂಟಿಫಿಕ್ ಕ್ಯಾಸಿಯೋ ತಂದು, ನಂಬರ್ ತುಂಬಿ ಗುಂಡಿ ಒತ್ತೂದು ಪ್ರಾಕ್ಟೀಸ್ ಮಾಡಿದ್ದೆ, ಅದೆಲ್ಲಾ ನೀರಾಗ ಹೋತು, ಎಲ್ಲಾ ಟೇಬಲ್ ಹಾಕಿ ಕೈಲೆನ ಮಾಡಿದೆ. ಇದನ್ನ ಯಾರೂ ಮೊದ್ಲ ಹೇಳಂಗಿಲ್ಲ. ಒಟ್ಟ 100ಕ್ಕ 64 ಬಂದಾವ. ಆ 6.32 ಪ್ರಶ್ನಿದ ಮಾರ್ಕ್ಸ್ ಸೇರಿ 65 ಅಂತ ನಾ ತಿಳ್ಕೊಂಡೀನಿ.

ರೊಕ್ಕದ ಮಾತು. ಸೆಮಿಸ್ಟರಿಗೆ ನಂಗ 15,000, ಪರೀಕ್ಷಾ ಫೀ ಬ್ಯಾರೆ. ಬರೇ ಸ್ಟ್ಯಾಟಿಸ್ಟಿಕ್ಸ್ ಕಲೀಬೇಕು, ಡಿಗ್ರಿ ಬ್ಯಾಡ ಅನ್ನೂವ್ರು ಇಷ್ಟ ರೊಕ್ಕ ಹಾಕೂ ಅವಶ್ಯ ಇಲ್ರಿ, ಸ್ವಯಂ, ಎನ್‌ಪಿಟಿಇಎಲ್ ಅನ್ನೂ ಸರ್ಕಾರಿ ಆನ್‌ಲೈನ್ ಕೋರ್ಸಿನ ತಾಣದಾಗ ವಿಡಿಯೋ ಪುಕ್ಕಟೆ ಅದಾವ, ಎನ್‌ಪಿಟಿಇಎಲ್ ಸರ್ಟಿಫಿಕೇಟ್ ಬೇಕಂದ್ರ 1000 ರೂಪಾಯಿ ತುಂಬಿ ಸೆಂಟರಿಗೆ ಹೋಗಿ ಪರೀಕ್ಷಾ ಬರೀಬೇಕು, ಅಸೈನ್‌ಮೆಂಟ್ 25, ಪರೀಕ್ಷಾ 75. ನಮ್ಮತ್ತಿಯವ್ರ ಚಹಾದ ಭಯ ಇರಂಗಿಲ್ಲ. ಡಿಗ್ರಿನ ಬೇಕು, ಕೆಲಸ ಬಿಡಾಕ ಆಗಂಗಿಲ್ಲ ಅನ್ನೂ ನನ್ನಂಥವ್ರಿಗೆ ಆನ್‌ಲೈನ್ ಬಿಕಾಂ ಅನುಕೂಲ ಐತಿ, ಸುಳ್ಳ ಯಾಕ ಹೇಳ್ಲಿ.

ಆದ್ರ ಅವ್ರ ಜಾಹೀರಾತು ಈಗ ನೋಡಿದ್ರ ನಂಗ ನಗು ಬರ್ತೈತಿ. "ನಮ್ಮ ವಿದ್ಯಾರ್ಥಿಗಳ ಪಗಾರ ಸರಾಸರಿ ಇಷ್ಟ ಏರೈತಿ" ಅಂತ ಹಾಕ್ಯಾರ. ಮೀನೋ ಮೀಡಿಯನ್ನೋ? ಆ 210 ದಿನದ ಗಿರಾಕಿ ಹಂಗ ಯಾರೋ ಒಬ್ಬರದ್ದು ಜಿಗದು ಏರಿದ್ರ ಎಲ್ಲಾರ್ದೂ ಏರಿದಂಗ ಕಾಣ್ತೈತಿ. ಯಾರ್ಯಾರನ್ನ ಕೇಳಿದ್ರು, ಪಗಾರ ಏರಲಾರದವ್ರು ಉತ್ತರ ಕೊಡ್ತಾರೇನು? ರೇಟಿಂಗ್ 4.6 ಅಂತ ಐತಿ. ಆ ಸ್ಟಾರ್ ಒತ್ತೂ ಡಬ್ಬಿ ಯಾವಾಗ ಬರ್ತೈತಿ ಗೊತ್ತೇನ್ರಿ, ಮೊದ್ಲನೇ ವಾರದಾಗ, ಎರಡನೇ ವಿಡಿಯೋ ಮುಗದ ಕೂಡ್ಲೆ, ಕ್ವಿಜ್ ಸುರು ಆಗೂ ಮೊದ್ಲ. ನಾನೂ ಅವತ್ತ 5 ಒತ್ತೇನಿ. ಚೀಲದ ಬಾಯಾಗಿನ ಹಿಡಿ ಅದು. ಮೊದ್ಲ ಐತವಾರ ಲೈವ್ ಕ್ಲಾಸಿಗೆ 140 ಮಂದಿ ಇದ್ವಿ, ಹತ್ತನೇ ಐತವಾರಕ್ಕ 23. ಹೋದ 117 ಮಂದೀನ ಯಾರೂ ಕೇಳಿಲ್ಲ.

ಮುಂದಿನ ಸೆಮಿಸ್ಟರ್ ಫೀ ತುಂಬ್ರಿ ಅಂತ ನಿನ್ನೆ ಮೆಸೇಜ್ ಬಂತು, ಇವತ್ತ ಲಾಸ್ಟ್ ಡೇಟ್ ಅಂತ. ನಾ ತಿರುಗಿ ಒಂದ ಕೇಳೇನಿ, ಐತವಾರ ಅದ ಮೇಡಂ ಬರ್ತಾರೋ ಇಲ್ಲೋ ಅಂತ. ಉತ್ತರ ಇನ್ನೂ ಬಂದಿಲ್ಲ.